ತೆರೆದ ವಹಿಯನ್ನು ಮುಚ್ಚುವ ಹೊಣೆ: ಗಣಕಯಂತ್ರದಲ್ಲಿ ಕರ್ಸರಿನ ಬಳಕೆ

ಬಿಳಿಗೆರೆಯ ತೆಂಗಿನ ತೋಟದ ರೈತನಿಗೆ ಪಹಣಿಯು ಬರಿಯ ಕಾಗದವಲ್ಲ. ಬ್ಯಾಂಕಿನ ಸಾಲಕ್ಕೂ ಮನೆತನದ ಪಾಲುಪಟ್ಟಿಗೂ ಅದೇ ಆಧಾರ. ಗ್ರಾಮಲೆಕ್ಕಿಗರು ಕೈಯಿಂದ ಬರೆದಿಡುತ್ತಿದ್ದ ಈ ದಾಖಲೆಗಳನ್ನು ಕರ್ನಾಟಕದ ಕಂದಾಯ ಇಲಾಖೆಯು ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಹೀಗೆ ಒಂದು ವ್ಯವಸ್ಥೆಗೆ ಒಳಪಟ್ಟವು. ಇಂತಹ ಮಹಾಸಂಗ್ರಹದಿಂದ ಬೇಕಾದಷ್ಟನ್ನೇ ಪಡೆಯುವ ಒಂದು ಕ್ರಮವನ್ನು ಇದೇ ನಿದರ್ಶನದಿಂದ ತಿಳಿಯಬಹುದು.

ಹಳೆಯ ಕಚೇರಿಯ ದಾಖಲೆ ಕೊಠಡಿಯನ್ನು ನೆನೆಯೋಣ. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಗ್ರಾಮದ ಹೆಸರನ್ನು ಹೇಳಿದರೆ ಗುಮಾಸ್ತನು ಗೊತ್ತಾದ ವಿಧಿಯಂತೆ ವಹಿಯನ್ನು ತೆಗೆದುಕೊಡುತ್ತಾನೆ. ದತ್ತಸಂಚಯದೊಳಗೆ ಮೊದಲೇ ಬರೆದಿರಿಸಿದ ಇಂತಹ ವಿಧಿಗೆ ‘ಸ್ಟೋರ್ಡ್ ಪ್ರೊಸೀಜರ್’ ಎಂದು ಹೆಸರು. ಅದು ಗ್ರಾಮದ ಎಲ್ಲ ಸರ್ವೆ ನಂಬರುಗಳನ್ನೂ ಒಮ್ಮೆಗೇ ನಕಲು ಮಾಡಿ ಕೊಡಬೇಕಾಗಿಲ್ಲ. ವಹಿಯನ್ನು ತೆರೆದು ಮೊದಲ ಸಾಲಿನ ಮೇಲ್ಗಡೆ ಬೆರಳಿಟ್ಟು ಒಪ್ಪಿಸಿದರೆ ಸಾಕು. ಆ ಬೆರಳೇ ಕರ್ಸರ್.

ಜಾವಾ ಭಾಷೆಯಲ್ಲಿ ಬರೆದ ಕ್ರಮವಿಧಿಯು ಒರಾಕಲ್ ದತ್ತಸಂಚಯವನ್ನು ಕೇಳುವ ಬಗೆ ಹೀಗಿದೆ. ಮೊದಲು ‘ಕಾಲಬಲ್ ಸ್ಟೇಟ್‌ಮೆಂಟ್’ ಸಿದ್ಧಪಡಿಸಿ, ಗ್ರಾಮದ ಹೆಸರನ್ನು ಒಳಬರುವ ಮೌಲ್ಯವಾಗಿ ಕೊಡಬೇಕು. ಹೊರಬರುವ ಮೌಲ್ಯವು ಕರ್ಸರ್ ಎಂಬುದನ್ನು ಮೊದಲೇ ನೋಂದಾಯಿಸಬೇಕು. ಆಮೇಲೆ ವಿಧಿಯನ್ನು ನಡೆಸಿ, ಬಂದ ಕರ್ಸರನ್ನು ‘ರಿಸಲ್ಟ್ ಸೆಟ್’ ರೂಪದಲ್ಲಿ ಸ್ವೀಕರಿಸಿ, ಸಾಲಿನಿಂದ ಸಾಲಿಗೆ ಮುಂದುವರಿಯುತ್ತ ಓದಬೇಕು. ಈ ನೋಂದಣಿಗೆ ಹಿಂದೆ ಒರಾಕಲ್ಲಿನದೇ ಪ್ರತ್ಯೇಕ ಸಂಕೇತವನ್ನು ಬಳಸಬೇಕಿತ್ತು. 2014ರಲ್ಲಿ ಬಂದ ಜಾವಾ 8ರಲ್ಲಿ ಸರ್ವಸಾಮಾನ್ಯ ಸಂಕೇತವೊಂದು ಸೇರಿತು.

ಎಲ್ಲ ದತ್ತಸಂಚಯಗಳ ರೀತಿಯೂ ಒಂದೇ ಅಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇಂತಹ ಕರ್ಸರ್ ಸಾಮಾನ್ಯವಾಗಿ ಒಂದು ವ್ಯವಹಾರದ, ಎಂದರೆ ‘ಟ್ರಾನ್ಸಾಕ್ಷನ್’ನ, ಅವಧಿಯಲ್ಲಿ ಮಾತ್ರ ಜೀವಿಸುತ್ತದೆ. ಆದುದರಿಂದ ಪ್ರತಿ ಆಜ್ಞೆಯ ಬೆನ್ನಿಗೇ ವ್ಯವಹಾರವನ್ನು ಮುಗಿಸುವ ‘ಆಟೋ ಕಮಿಟ್’ ಏರ್ಪಾಡನ್ನು ಮೊದಲು ನಿಲ್ಲಿಸಬೇಕು. ಇಲ್ಲವಾದರೆ ಓದುವ ಮೊದಲೇ ವಹಿ ಮುಚ್ಚಿಹೋಗುತ್ತದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಹೊರಗಿನ ಕ್ರಮವಿಧಿಗೆ ಕರ್ಸರನ್ನು ಒಪ್ಪಿಸುವುದೇ ಇಲ್ಲ. ವಿಧಿಯೊಳಗಿನ ‘ಸೆಲೆಕ್ಟ್’ ಆಜ್ಞೆಯ ಫಲವೇ ನೇರವಾಗಿ ಹೊರಬರುತ್ತದೆ.

ಇಷ್ಟನ್ನು ಕಲಿತವರು ಸಹ ಮರೆಯುವುದು ಕೊನೆಯ ಹೆಜ್ಜೆಯನ್ನು. ಓದಿ ಮುಗಿದ ಕರ್ಸರನ್ನು ಮುಚ್ಚಬೇಕು. ಒರಾಕಲ್ಲಿನಲ್ಲಿ ಒಂದು ಸಂಪರ್ಕವು ಏಕಕಾಲಕ್ಕೆ ತೆರೆದಿಡಬಹುದಾದ ಕರ್ಸರುಗಳಿಗೆ ಮಿತಿಯುಂಟು. ಬೇರೆ ಸಂಖ್ಯೆಯನ್ನು ನಿಗದಿಪಡಿಸದಿದ್ದರೆ ಅದು 50. ಮಿತಿ ಮೀರಿದೊಡನೆ 1000ನೆಯ ಸಂಖ್ಯೆಯ ದೋಷ ತಲೆದೋರಿ ಮುಂದಿನ ಕೋರಿಕೆ ವಿಫಲವಾಗುತ್ತದೆ. ತಪ್ಪು ಮಾಡಿದುದು ಬೆಳಗಿನ ಕೋರಿಕೆ. ಬರಿಗೈಯಲ್ಲಿ ಮರಳುವವನು ಮಧ್ಯಾಹ್ನ ಸರದಿಯಲ್ಲಿ ನಿಂತ ರೈತ. ಇಬ್ಬರು ಬಳಕೆದಾರರನ್ನಿಟ್ಟು ನಡೆಸುವ ಪರೀಕ್ಷೆಯಲ್ಲಿ ಈ ದೋಷ ಕಾಣಿಸದಿರಬಹುದು. ನೂರಾರು ಜನ ಬರುವ ದಿನ ಅದು ಬಯಲಾಗುತ್ತದೆ.

ಓದುವ ನಡುವೆ ಬೇರೊಂದು ದೋಷ ಸಂಭವಿಸಿದರೂ ಕರ್ಸರ್ ಮುಚ್ಚಲೇಬೇಕು. 2011ರ ಜಾವಾ 7ರಿಂದ ಇದನ್ನು ಭಾಷೆಯೇ ನೆರವೇರಿಸುವ ಬರವಣಿಗೆಯ ರೀತಿಯೊಂದು ದೊರೆತಿದೆ. ಆದರೂ ಅದನ್ನು ಬಳಸುವ ಹೊಣೆ ಬರೆಯುವವನದೇ. ಪಾಠ ಹೇಳುವ ಉಪಾಧ್ಯಾಯರು ತೆರೆಯುವ ವಿಧಾನದೊಡನೆ ಮುಚ್ಚುವ ಅಭ್ಯಾಸವನ್ನೂ ಮೊದಲ ದಿನವೇ ಕಲಿಸುವುದು ಉಚಿತ. ಸಾರ್ವಜನಿಕ ವಹಿಯನ್ನು ತೆರೆದವನು ಅದನ್ನು ಮುಂದಿನವನಿಗೆ ಬಿಟ್ಟುಕೊಟ್ಟಾಗಲೇ ಅವನ ಕೆಲಸ ಪೂರ್ಣವಾಗುತ್ತದೆ.