ಸಿಡಿಯುವ ಮೊದಲೇ ಕಳಚಿದ ಹೊದಿಕೆ

ಪ್ರಶ್ನೆ: ಲೋಹ ಕಡಿಮೆ ಇರುವ ಗ್ಯಾಲಕ್ಸಿಗಳಲ್ಲೂ ಕೆಲವು ಸೂಪರ್‌ನೋವಾಗಳು ಸುತ್ತಲಿನ ದಟ್ಟ ಅನಿಲಕ್ಕೆ ಡಿಕ್ಕಿ ಹೊಡೆದು ಬೆಳಗುತ್ತವಂತೆ. ಇದರಲ್ಲಿ ಅಚ್ಚರಿ ಏನು?
– ಓದುಗರೊಬ್ಬರು, ಶಹಾಬಾದ್

ಉತ್ತರ: ಹೈಡ್ರೋಜನ್, ಹೀಲಿಯಂ ಎರಡನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಖಗೋಳ ವಿಜ್ಞಾನಿಗಳು ಲೋಹ ಎಂದೇ ಎಣಿಸುತ್ತಾರೆ. ನಿಮ್ಮೂರಿನ ಪರ್ಸಿ ಕಲ್ಲು, ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಅರೆಯುವ ಸುಣ್ಣಗಲ್ಲು ಬಹುಪಾಲು ಕ್ಯಾಲ್ಸಿಯಂ, ಇಂಗಾಲ, ಆಮ್ಲಜನಕಗಳಿಂದಾದವು. ಅವರ ಲೆಕ್ಕದಲ್ಲಿ ಮೂರೂ ಲೋಹಗಳೇ. ನಕ್ಷತ್ರಗಳು ತಲೆಮಾರುಗಟ್ಟಲೆ ಹುಟ್ಟಿ ಸತ್ತ ಮೇಲೆ ಇಂಥ ಧಾತುಗಳು ಗ್ಯಾಲಕ್ಸಿಯಲ್ಲಿ ತುಂಬಿಕೊಳ್ಳುತ್ತವೆ. ಅನೇಕ ಪುಟ್ಟ ಗ್ಯಾಲಕ್ಸಿಗಳಲ್ಲಿ ಆ ಕೆಲಸ ಇನ್ನೂ ಅಷ್ಟಾಗಿ ನಡೆದಿಲ್ಲ.

ಅಚ್ಚರಿ ಇರುವುದು ಮುಂದೆ. ಭಾರೀ ಬಿಸಿ ನಕ್ಷತ್ರದ ಬೆಳಕು ಅದರ ಹೊರಪದರವನ್ನು ತಳ್ಳುತ್ತಲೇ ಇರುತ್ತದೆ. ಆ ನೂಕನ್ನು ಮುಖ್ಯವಾಗಿ ಹಿಡಿದುಕೊಳ್ಳುವುದು ಕಬ್ಬಿಣದಂಥ ಪರಮಾಣುಗಳು; ಸಾವಿರಾರು ಬಣ್ಣಗಳಲ್ಲಿ ಬೆಳಕು ಹೀರಬಲ್ಲ ಅವು ಉಳಿದ ಅನಿಲವನ್ನೂ ಎಳೆದುಕೊಂಡು ಹೋಗುತ್ತವೆ. ಇದೇ ನಕ್ಷತ್ರಮಾರುತ. ಲೋಹ ಕಡಿಮೆಯಾದರೆ ಮಾರುತವೂ ಸೊರಗಬೇಕು, ನಕ್ಷತ್ರದ ಸುತ್ತ ಹೆಚ್ಚೇನೂ ಉಳಿಯಬಾರದು.

ಆದರೆ 2010ರ ನವೆಂಬರ್‌ನಲ್ಲಿ ಯುಜಿಸಿ 5189ಎ ಎಂಬ ಗ್ಯಾಲಕ್ಸಿಯಲ್ಲಿ ಕಂಡ ಎಸ್‌ಎನ್ 2010ಜೆಎಲ್ ಎಂಬ ಸೂಪರ್‌ನೋವಾ ಈ ಎಣಿಕೆಯನ್ನು ತಲೆಕೆಳಗು ಮಾಡಿತು. ಅಲ್ಲಿನ ಲೋಹಾಂಶ ಸೂರ್ಯನದರ ಅರ್ಧಕ್ಕಿಂತ ಕಡಿಮೆ. ಆದರೂ ಅದರ ಸುತ್ತ ಮೂರು ಸೂರ್ಯರಷ್ಟಾದರೂ ದ್ರವ್ಯವಿತ್ತೆಂದು ಒಂದು ಅಂದಾಜು ಹೇಳುತ್ತದೆ. ಸೆಕೆಂಡಿಗೆ ಸಾವಿರಾರು ಕಿ.ಮೀ. ವೇಗದಲ್ಲಿ ಚಿಮ್ಮಿದ ಸ್ಫೋಟದ ಅನಿಲ ಅದಕ್ಕೆ ಅಪ್ಪಳಿಸಿತು. ಆ ವೇಗದ ಶಕ್ತಿಯೇ ಬೆಳಕಾಗಿ ತಿಂಗಳುಗಟ್ಟಲೆ ಬೆಳಗಿತು.

ಇಷ್ಟು ದ್ರವ್ಯವನ್ನು ಸೊರಗಿದ ಮಾರುತ ಹೊರಹಾಕಲಾರದು. ನಕ್ಷತ್ರ ಸಾಯುವ ಮುನ್ನ ಒಂದೆರಡು ಸಲ ಕೆಂಡಾಮಂಡಲವಾಗಿ ಪದರುಗಳನ್ನು ಉಗುಳಿರಬೇಕು. ನಮ್ಮದೇ ಗ್ಯಾಲಕ್ಸಿಯ ಈಟಾ ಕರೀನೇ 1840ರ ದಶಕದಲ್ಲಿ ಹಾಗೆ ಉಗುಳಿಯೂ ಬದುಕುಳಿದಿದೆ. ಇಲ್ಲವೇ ಜೊತೆಯ ನಕ್ಷತ್ರ ಅದರ ಹೊದಿಕೆಯನ್ನು ಕಿತ್ತಿರಬೇಕು. ಈ ಎರಡಕ್ಕೂ ಲೋಹದ ಹಂಗು ಅಷ್ಟಿಲ್ಲ. ಮಾರುತದಿಂದ ತೂಕ ಕಳೆದುಕೊಳ್ಳದ ನಕ್ಷತ್ರ ಕೊನೆತನಕ ದೈತ್ಯವಾಗಿಯೇ ಉಳಿದು, ಒಡಲಿನ ಒತ್ತಡ ಕುಸಿದು ಮತ್ತೆ ಮತ್ತೆ ಅದುರಬಹುದು ಎಂಬ ವಾದವೂ ಇದೆ. ಎಲ್ಲ ಸ್ಫೋಟಗಳಿಗೂ ಒಂದೇ ಕಾರಣ ಹುಡುಕುವುದು ನನಗಂತೂ ಸರಿ ಕಾಣುವುದಿಲ್ಲ.

ಉಗುಳಿದ್ದನ್ನು ಕಣ್ಣಾರೆ ಕಂಡ ಪ್ರಸಂಗವೂ ಉಂಟು. ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ 2004ರಲ್ಲಿ ಯುಜಿಸಿ 4904 ಗ್ಯಾಲಕ್ಸಿಯಲ್ಲಿ ಒಂದು ಬೆಳಕು ಹತ್ತಿ ಆರಿದ್ದನ್ನು ಗಮನಿಸಿದ್ದರು. ಎರಡು ವರ್ಷದ ಬಳಿಕ, 2006ರ ಅಕ್ಟೋಬರ್‌ನಲ್ಲಿ, ಅದೇ ಜಾಗದಲ್ಲಿ ಎಸ್‌ಎನ್ 2006ಜೆಸಿ ಸಿಡಿಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜಿ.ಸಿ. ಅನುಪಮಾ ಮತ್ತು ಸಂಗಡಿಗರು ಅದನ್ನು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕದಿಂದ ಹಿಂಬಾಲಿಸಿದರು. ಆ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಸೂಪರ್‌ನೋವಾದ ಬೆಳಕಿನಲ್ಲಿ ಹೀಲಿಯಂ ರೇಖೆಗಳೇ ಎದ್ದು ಕಂಡದ್ದರಿಂದ, ಸುತ್ತಲಿನ ಅನಿಲ ಕವಚದಲ್ಲಿ ಹೈಡ್ರೋಜನ್‌ಗಿಂತ ಹೀಲಿಯಂ ಹೆಚ್ಚಿತ್ತೆಂದು ತಿಳಿಯಿತು: ನಕ್ಷತ್ರ ತನ್ನ ಹೈಡ್ರೋಜನ್ ಹೊದಿಕೆಯನ್ನು ಅದಕ್ಕೂ ಮೊದಲೇ ಕಳೆದುಕೊಂಡಾಗಿತ್ತು.