ಹಿತ್ತಲಿಲ್ಲದ ಮನೆ

ಪುಟ್ಟಿ,

ಗೃಹಪ್ರವೇಶದ ದಿನ ನೀನು ಮನೆಯೆಲ್ಲ ತೋರಿಸಿದೆ. ಹಾಲ್, ಎರಡು ರೂಮು, ಬಾಲ್ಕನಿ, ಬಾಲ್ಕನಿಯಿಂದ ಕಾಣುವ ವಿಮಾನಗಳು. ಎಲ್ಲ ನೋಡಿದ ಮೇಲೆ ನಾನು, 'ಹಿತ್ತಲು ಎಲ್ಲಮ್ಮಾ?' ಅಂತ ಕೇಳಿದೆ. ಎಂಟನೇ ಮಹಡಿಯಲ್ಲಿ ಹಿತ್ತಲು ಕೇಳುವ ಮುದುಕಿಯನ್ನು ಕಂಡು ನಿನ್ನ ಗೆಳತಿಯರು ನಕ್ಕರು. ನೀನು ನಗಲಿಲ್ಲ. ಅಡುಗೆಮನೆಯ ಹಿಂದಿನ ಬಾಗಿಲು ತೆಗೆದು, 'ಇದೇ ಅಜ್ಜಿ, ಯುಟಿಲಿಟಿ' ಅಂತ ತೋರಿಸಿದೆ. ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಹೋಗಬೇಕು, ಅಷ್ಟು ಜಾಗ. ವಾಷಿಂಗ್ ಮೆಷಿನ್, ಪೊರಕೆ, ಗೋಡೆಯ ಮೇಲೆ ಆರ್‌ಒ ಫಿಲ್ಟರ್. ಫಿಲ್ಟರಿನಿಂದ ಇಳಿದ ಸಣ್ಣ ಬಿಳಿ ಪೈಪು ಜಾಲರಿಯೊಳಕ್ಕೆ ಸಣ್ಣಗೆ ನೀರು ಬಿಡುತ್ತಲೇ ಇತ್ತು. ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ ಅಂದಿದ್ದಕ್ಕೆ 'ಕೆಳಕ್ಕೆ' ಅಂದುಬಿಟ್ಟೆ.

ಆ 'ಕೆಳಕ್ಕೆ' ನನ್ನನ್ನು ಕೊರೆಯುತ್ತಿದೆ. ಅದಕ್ಕೇ ಈ ಕಾಗದ. ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿದವಳು, ಉದ್ದವಾದರೆ ಸಹಿಸಿಕೋ.

ನಮ್ಮಮ್ಮನ ಹಿತ್ತಲನ್ನು ನೀನು ನೋಡಿಲ್ಲ. ಹುಣಸಮಾರನಹಳ್ಳಿಯಲ್ಲಿ ಈಗ ಆ ಜಾಗದ ಮೇಲೆ ನಾಲ್ಕಂತಸ್ತಿನ ಪಿಜಿ ಎದ್ದಿದೆ. ಆಗ ಬಚ್ಚಲ ನೀರು ಕಲ್ಲಿನ ಮೋರಿ ಹಿಡಿದು ಮೊದಲು ಕೆಸವಿನ ಪಾತಿಗೆ ಹೋಗುತ್ತಿತ್ತು, ಅಲ್ಲಿಂದ ಬಾಳೆಯ ಬುಡಕ್ಕೆ, ಅಲ್ಲೂ ಮಿಕ್ಕಿದ್ದು ನುಗ್ಗೆಮರಕ್ಕೆ. ಅಕ್ಕಿ ತೊಳೆದಿದ್ದು, ಗಂಜಿ ಬಸಿದಿದ್ದು ಕಲಗಚ್ಚಿನ ಬಾನಿಗೆ, ಬಾನಿಯಿಂದ ಎಮ್ಮೆಗೆ. ಸೊಪ್ಪಿನ ದಂಟು, ಒಲೆ ಬೂದಿ, ಸಗಣಿ ತಿಪ್ಪೆಗೆ. ಮುಂಗಾರಿಗೆ ಮುಂಚೆ ತಿಪ್ಪೆ ಗಾಡಿ ಹತ್ತಿ ರಾಗಿ ಹೊಲಕ್ಕೆ ಹೋಗುತ್ತಿತ್ತು. ದೀಪಾವಳಿಯಲ್ಲಿ ಅಮ್ಮ ಹೊಸಲಿಗೆ ದೀಪ ಇಟ್ಟ ಮೇಲೆ ಒಂದು ದೀಪ ತಗೊಂಡು ಹೋಗಿ ತಿಪ್ಪೆಯ ಮೇಲೂ ಇಡುತ್ತಿದ್ದಳು. ನಾವು ಮೂಗು ಮುಚ್ಚಿಕೊಂಡು ನಗುತ್ತಿದ್ದೆವು.

ಹಳೇದೆಲ್ಲ ಚಿನ್ನ ಅಂತ ಹೇಳೋಕೆ ಹೊರಟಿಲ್ಲ ಕಣೇ. ಸೌದೆ ಒಲೆಯ ಹೊಗೆ ಕುಡಿದೂ ಕುಡಿದೂ ಅಮ್ಮ ಐವತ್ತಕ್ಕೆಲ್ಲ ಮೆಟ್ಟಿಲು ಹತ್ತಲಾರದೆ ಕೂತಳು. ಗ್ಯಾಸ್ ಬಂದ ದಿನವೇ ನಮಗೆ ಹಬ್ಬ. ಆದರೆ ಮನೆಯಿಂದ ಹೊರಬಿದ್ದ ಒಂದೊಂದು ಚೊಂಬು ನೀರು, ಒಂದೊಂದು ಸಿಪ್ಪೆ ಎಲ್ಲಿಗೆ ಹೋಯಿತು ಅನ್ನೋದು ಅವಳ ಕಣ್ಣೆದುರಿಗೇ ಇರುತ್ತಿತ್ತು. ಸೋಪು ಜಾಸ್ತಿ ಆದರೆ ಕೆಸವು ಸೊರಗಿ ಹೇಳುತ್ತಿತ್ತು.

ನನ್ನ ಕಾಲಕ್ಕೆ ಆ ಕಣ್ಣು ಹೋಯಿತು. ನನ್ನದೇ ತಪ್ಪು ಹೇಳುತ್ತೇನೆ. ಸ್ನಾನದ ಹಂಡೆಗೆ ಒಲೆ ಹಚ್ಚಲು ಸೀಮೆಎಣ್ಣೆ ಯಾಕೆ ದಂಡ ಅಂತ ಹಾಲಿನ ಕವರು, ಚಿಪ್ಸ್ ಕವರು, ಒಮ್ಮೊಮ್ಮೆ ಹರಿದ ಚಪ್ಪಲಿ ತುರುಕುತ್ತಿದ್ದೆ. ಚುರುಕಾಗಿ ಹತ್ತಿಕೊಳ್ಳುತ್ತಿತ್ತು. ಕಸವೂ ಹೋಯಿತು, ನೀರೂ ಕಾಯಿತು ಅಂತ ಸಮಾಧಾನ. ಆ ಬೂದಿಯನ್ನೇ ತಂದು ಅವರೆ ಬಳ್ಳಿಯ ಬುಡಕ್ಕೆ ಹಾಕುತ್ತಿದ್ದೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮೇಡಂ ನಾನು! ಪ್ಲಾಸ್ಟಿಕ್ ಅರೆಬರೆ ಶಾಖದಲ್ಲಿ ಉರಿದರೆ, ಅದರಲ್ಲೂ ಪಿವಿಸಿ ಸೇರಿದ್ದರೆ, ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ. ಅದು ಹೊಗೆಯಲ್ಲೂ ಇರುತ್ತೆ, ಬೂದಿಯಲ್ಲೂ ಉಳಿಯುತ್ತೆ, ಮೈಯ ಕೊಬ್ಬಿಗೆ ಸೇರಿದರೆ ಬೇಗ ಬಿಡೋದಿಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ 2016ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು ಪೇಪರಿನಲ್ಲಿ ಓದಿದ ದಿನ ನಾನು ಲೆಕ್ಕ ಹಾಕಿ ನೋಡಿದೆ. ದಿನಕ್ಕೊಂದು ದಂಡ ಅಂದರೂ ಮನೆ ಮಾರಬೇಕಾಗುತ್ತಿತ್ತು. ಈಗಲೂ ನಮ್ಮ ಬೀದಿಯಲ್ಲಿ ಬೆಳಗಿನ ಐದೂವರೆಗೆ ಆ ವಾಸನೆ ಬರುತ್ತೆ. ಎದ್ದು ಹೋಗಿ ಹೇಳುತ್ತೇನೆ. ಬೈಸಿಕೊಂಡೂ ಬರುತ್ತೇನೆ.

ನಿನಗೆ ಒಲೆಯಿಲ್ಲ, ಹಿತ್ತಲೂ ಇಲ್ಲ. ಹಾಗಂತ ನಿನ್ನ ಮನೆಗೆ ಹಿತ್ತಲೇ ಇಲ್ಲ ಅಂದುಕೋಬೇಡ. ಅದು ಬೇರೆಯವರ ಊರಿನಲ್ಲಿದೆ, ಅಷ್ಟೆ. ಯಲಹಂಕದಿಂದ ಹೆಸರಘಟ್ಟದ ಕಡೆ ಹೋದರೆ ಮಾವಳ್ಳಿಪುರ. ಬೆಂಗಳೂರಿನ ಕಸ ವರ್ಷಗಟ್ಟಲೆ ಅಲ್ಲಿ ಸುರಿಯಿತು. ಬಾವಿ ನೀರು ಕೆಟ್ಟಿತು, ಜನ ರಸ್ತೆಗೆ ಬಂದರು. 2012ರಲ್ಲಿ ಅಲ್ಲಿಗೆ ಲಾರಿ ಹೋಗೋದು ನಿಂತಾಗ ಬೆಂಗಳೂರಿನ ಮೂಲೆ ಮೂಲೆಯಲ್ಲಿ ಕಸ ಗುಡ್ಡೆ ಬಿದ್ದು ನಾತ ಹೊಡೆದಿದ್ದು ನಿನಗೆ ನೆನಪಿರಬೇಕು, ಹೈಸ್ಕೂಲಿನಲ್ಲಿದ್ದೆ. ಆಮೇಲೆ ಹೊರೆ ಮಂಡೂರಿನ ಮೇಲೆ ಬಿತ್ತು. ಅವರೂ ಬೀದಿಗಿಳಿದರು, 2014ರ ಕೊನೆಗೆ ಅದೂ ನಿಂತಿತು. ಆಮೇಲೆ ಕಲ್ಲು ತೆಗೆದು ಬಿಟ್ಟ ಕ್ವಾರಿಗಳ ಸರದಿ: ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ. ಬೆಳ್ಳಹಳ್ಳಿ ನಿನ್ನ ಥಣಿಸಂದ್ರದ ರಸ್ತೆಯಲ್ಲೇ ಇದೆ ಕಣೇ. ಬಾಲ್ಕನಿಯಿಂದ ವಿಮಾನ ತೋರಿಸಿದೆಯಲ್ಲ, ಕಣ್ಣು ಒಂಚೂರು ಇಳಿಸಿ ನೋಡು.

ವಿಮಾನ ಅಂದಾಗ ನೆನಪಾಯಿತು. ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆದಾಗ ನಮ್ಮ ಕಡೆ ಮಟನ್ ಅಂಗಡಿ, ಕೋಳಿ ಅಂಗಡಿ ಬಾಗಿಲು ಹಾಕಿಸುತ್ತಾರೆ. 2023ರಲ್ಲಿ ಸುತ್ತ 10 ಕಿಲೋಮೀಟರ್, 2025ರಲ್ಲಿ 13. ಮಾಂಸ ತಿನ್ನೋದರಿಂದ ವಿಮಾನಕ್ಕೇನೂ ಆಗೋದಿಲ್ಲ. ಚರಂಡಿಗೆ ಎಸೆದ ಕರುಳು, ಪುಕ್ಕಕ್ಕೆ ಹದ್ದು ಮುತ್ತುತ್ತವೆ, ಹದ್ದು ಹೋಗಿ ಇಂಜಿನ್ನಿಗೆ ಬಡಿಯುತ್ತೆ. ವಿಮಾನ ಬೀಳಬಾರದು ಅಂತ ಮೂರು ವಾರ ಎಚ್ಚರವಾಗಿರೋ ನಾವು ಮಿಕ್ಕ ದಿನ ಯಾರಿಗೆ ಏನಾದರೂ ಸುಮ್ಮನಿರುತ್ತೇವೆ. ಬಿಡು, ಬೇರೆ ಮಾತಾಯಿತು.

ನೀರಿನ ಹಿತ್ತಲು ಇನ್ನೂ ದೂರದಲ್ಲಿದೆ. ನೀನಿರೋದು ಹೆಬ್ಬಾಳ–ನಾಗವಾರ ಕಣಿವೆಯಲ್ಲಿ. ಆ ಕಣಿವೆಯ ಕೊಳಚೆ ಶುದ್ಧೀಕರಿಸಿ ದಿನಕ್ಕೆ 21 ಕೋಟಿ ಲೀಟರಿನಂತೆ ಚಿಕ್ಕಬಳ್ಳಾಪುರದವರೆಗಿನ 65 ಕೆರೆಗಳಿಗೆ ತುಂಬಿಸೋದು ಸರ್ಕಾರದ ಯೋಜನೆ. ಎರಡನೇ ಹಂತದವರೆಗೆ ಮಾತ್ರ ಶುದ್ಧಿ. ಮೂರನೆಯದೂ ಆಗಲಿ ಅಂತ ಅಲ್ಲಿನ ಜನ ಕೇಳುತ್ತಲೇ ಇದ್ದಾರೆ. ನಿನ್ನ ಸೋದರತ್ತೆಯ ಊರು ಆ ಕಡೆಯೇ ಅಲ್ಲವೆ? ನೀನು ಸಿಂಕಿಗೆ ಸುರಿದಿದ್ದು ಅವಳ ಊರ ಕೆರೆಗೆ ಹೋಗಬಹುದು, ಅಲ್ಲಿಂದ ಇಂಗಿ ಬೋರ್‌ವೆಲ್ಲಿಗೆ.

ಜಕ್ಕೂರು ಕೆರೆಗೆ ಒಂದು ಭಾನುವಾರ ನನ್ನನ್ನೂ ಕರಕೊಂಡು ಹೋಗು. ಕೊಳಚೆ ಶುದ್ಧಮಾಡೋ ಘಟಕ ಅಲ್ಲಿದೆ. ಅದರಿಂದ ಹೊರಬಂದ ನೀರು ನೇರ ಕೆರೆಗೆ ಬೀಳೋದಿಲ್ಲ. ಮೊದಲು ಜೊಂಡು ಬೆಳೆದ ಜವುಗಿನಲ್ಲಿ ನಿಧಾನಕ್ಕೆ ಹಾಯುತ್ತೆ, ನೀರಿನಲ್ಲಿ ಉಳಿದ ಸಾರವನ್ನು ಆ ಗಿಡಗಳು ಹೀರಿಕೊಳ್ಳುತ್ತವೆ, ಆಮೇಲೆ ಕೆರೆ. ಹಿಂದೊಮ್ಮೆ ನೋಡಿದಾಗ ನಮ್ಮಮ್ಮನ ಕೆಸವಿನ ಪಾತಿ ಊರಗಲ ಆಗಿದೆ ಅನ್ನಿಸಿತು.

ಇನ್ನು ಯುಟಿಲಿಟಿಗೆ ಬರೋಣ. ನಿನ್ನ ಗೆಳತಿಯರು ಉಡುಗೊರೆ ಕೊಟ್ಟ ಬಿದಿರಿನ ಬ್ರಷ್ಷು, ತೆಂಗಿನ ಚಿಪ್ಪಿನ ಬಟ್ಟಲು ಚೆನ್ನಾಗಿವೆ. ಆದರೆ ಅವಕ್ಕೆ ಜಾಗ ಮಾಡಲು ಇದ್ದ ಪ್ಲಾಸ್ಟಿಕ್ ಡಬ್ಬಗಳನ್ನು ಎಸೆಯುತ್ತೇನೆ ಅಂದೆಯಲ್ಲ, ಅದು ಬೇಡ. ಎಸೆದಿದ್ದು ಮಿಟ್ಟಗಾನಹಳ್ಳಿಗೆ ತಾನೇ? ಒಡೆಯೋವರೆಗೂ ಬಳಸು. ಬಿಸಿ ಸಾರು ಮಾತ್ರ ಹಾಕಬೇಡ.

ಆರ್‌ಒ ಒಂದು ಲೀಟರ್ ಕೊಡೋಕೆ ಎರಡು ಮೂರು ಲೀಟರ್ ಚೆಲ್ಲುತ್ತೆ. ಮೊದಲು ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರೋ ಲವಣ, ಅಳೆಸು. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರೋ ಕಡೆ ಆರ್‌ಒ ಬೇಡ ಅಂತ 2019ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿತ್ತು. ಆದರೆ ನಮ್ಮ ಕಡೆಯ ಬೋರ್ ನೀರಲ್ಲಿ ಫ್ಲೋರೈಡು, ನೈಟ್ರೇಟೂ ಇರಬಹುದು, ಅದನ್ನೂ ಪರೀಕ್ಷೆ ಮಾಡಿಸಿಯೇ ತೀರ್ಮಾನ ಮಾಡು. ಯಾರೋ ಹೇಳಿದರು ಅಂತ ಫಿಲ್ಟರ್ ಕಿತ್ತು ಹಾಕಬೇಡ. ಇರಲೇಬೇಕು ಅಂದರೆ ಆ ಬಿಳಿ ಪೈಪಿನ ಕೆಳಗೊಂದು ಬಕೆಟ್ ಇಡು. ನೆಲ ಒರೆಸೋಕೆ, ಕಮೋಡಿಗೆ ಆಗುತ್ತೆ. ಗಿಡಕ್ಕೆ ದಿನಾ ಹಾಕಬೇಡ, ಉಪ್ಪು ಕೂತು ಬುಡ ಸುಡುತ್ತೆ. ಬಕೆಟ್ಟನ್ನು ಮುಚ್ಚಿಡು, ವಾರಕ್ಕೊಮ್ಮೆ ಉಜ್ಜಿ ಒಣಗಿಸು. ಡೆಂಗಿ ತರೋ ಸೊಳ್ಳೆ ಬೆಳೆಯೋದು ಇಂಥ ತಿಳಿನೀರಲ್ಲೇ. ವಾರ ಹತ್ತು ದಿನ ಸಿಕ್ಕರೆ ಸಾಕು ಅದಕ್ಕೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಸಾರಿ, ಸೊಳ್ಳೆ ಸಾಕುವ ಮನೆಗೆ ದಂಡವನ್ನೂ ಇಟ್ಟಿತು.

ಬಾತ್‌ರೂಮು ತೊಳೆಯೋಕೆ ಬಾಟಲಿಗಟ್ಟಲೆ ಆಸಿಡ್ ಸುರಿಯೋ ಅಭ್ಯಾಸ ಬಿಡಿಸು. ನಿಮ್ಮ ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧಮಾಡೋ ಎಸ್‌ಟಿಪಿಯಲ್ಲಿ ಕೊಳೆ ತಿನ್ನೋದು ಯಂತ್ರ ಅಲ್ಲ, ಬ್ಯಾಕ್ಟೀರಿಯಾ. ಆಸಿಡ್, ಬ್ಲೀಚ್ ಬಿದ್ದರೆ ಅವು ಸಾಯುತ್ತವೆ, ಆಮೇಲೆ ನಾತ ಬರುತ್ತೆ ಅಂತ ಅಸೋಸಿಯೇಷನ್ ಗ್ರೂಪಿನಲ್ಲಿ ಜಗಳ. ಮಿಕ್ಕ ಮಾತ್ರೆಯನ್ನೂ ಕಮೋಡಿಗೆ ಹಾಕಬೇಡ.

ಕೆಂಪು ಡಬ್ಬದ ಮಾತು ನಿನ್ನ ಅಮ್ಮ ಹೇಳೋದಿಲ್ಲ, ನಾಚಿಕೆ. ನಾನು ಹೇಳುತ್ತೇನೆ. ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡು ಡೈಪರಿಗೆ ಕೆಂಪು, ಒಣ ಕಸಕ್ಕೆ ಚೀಲ. ಹೈಕೋರ್ಟ್ 2015ರಲ್ಲೇ ಬೆಂಗಳೂರಿಗೆ ಹೇಳಿದ್ದು ಇದು. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕು. ಆ ಚೀಲ ಬಿಚ್ಚೋಳು ನಿನ್ನಂಥವಳೇ ಒಬ್ಬ ಪೌರಕಾರ್ಮಿಕ ಹೆಣ್ಣುಮಗಳು, ಕೈಗೆ ಗ್ಲೌಸು ಇದ್ದರೆ ಅವಳ ಅದೃಷ್ಟ. ಮುಟ್ಟಿನ ಕಪ್ ಬಳಸೋಕೆ ಮನಸ್ಸಿದ್ದರೆ ಡಾಕ್ಟರಮ್ಮನ ಹತ್ತಿರ ಒಂದು ಮಾತು ಕೇಳು. ನಮ್ಮ ಕಾಲದ ಬಟ್ಟೆಯೇ ಮೇಲು ಅಂತ ನಾನಂತೂ ಅನ್ನೋದಿಲ್ಲ. ಅದನ್ನು ಬಿಸಿಲಿಗೆ ಹಾಕೋಕೆ ನಾಚಿ ಮೂಲೆಯಲ್ಲಿ ಒಣಗಿಸಿ ಪಟ್ಟ ಕಷ್ಟ ನನಗೆ ಗೊತ್ತು.

ಹಸಿ ಕಸವನ್ನು ಗೊಬ್ಬರ ಮಾಡ್ತೀನಿ ಅಂದೆ. ಮಾಡು. ನಾನು ಮೊದಲ ಸಲ ತಳಕ್ಕೆ ತೂತಿಲ್ಲದ ಪೇಂಟ್ ಬಕೆಟ್ಟಿನಲ್ಲಿ ಬರೀ ಸಿಪ್ಪೆ, ಮಿಕ್ಕ ಸಾರನ್ನ ತುಂಬಿದೆ. ನಾಲ್ಕನೇ ದಿನ ಪಕ್ಕದ ಮನೆಯವರು ಇಲಿ ಸತ್ತಿದೆಯಾ ನೋಡಿ ಅಂತ ಬಂದರು. ನೀರು ನಿಂತು, ಗಾಳಿ ಆಡದೆ ಕೊಳೆತಿತ್ತು. ಕೆಳಗೆ ತೂತಿರಬೇಕು, ಮಣ್ಣಿನ ಮಡಕೆಯಾದರೆ ಇನ್ನೂ ಒಳ್ಳೇದು. ಒಂದು ಹಿಡಿ ಹಸಿಗೆ ಒಂದು ಹಿಡಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ಹಳೇ ಗೊಬ್ಬರ ಒಂದು ಬೊಗಸೆ, ಹುಳಿ ಮಜ್ಜಿಗೆ ಒಂದು ಲೋಟ. ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಇಳಿಯಬಾರದು. ಮುದ್ದೆ ಹದ ಬರುತ್ತೆ ತಾನೇ ನಿನಗೆ, ಅದೇ ಲೆಕ್ಕ. ಬಿಳಿ ಹುಳು ಕಂಡರೆ ಕಿರುಚಬೇಡ, ಅವು ಕಚ್ಚೋದಿಲ್ಲ, ಕೆಲಸ ಮಾಡ್ತಿವೆ. ಒಣ ಎಲೆ ಜಾಸ್ತಿ ಹಾಕಿದರೆ ಕಡಿಮೆ ಆಗುತ್ತವೆ. ಎರಡು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು ಅಂತ.

ಊಟದ ವಿಷಯ ನಿನಗೆ ಹೇಳಬೇಕಾಗಿಲ್ಲ. ವಾರದಲ್ಲಿ ನಾಲ್ಕು ದಿನವಾದರೂ ರಾಗಿ ಇರಲಿ. ಅದು ಮಳೆಯಲ್ಲೇ ಬೆಳೆಯೋದು, ಸಾವಿರ ಅಡಿ ಬೋರ್ ಕೇಳೋದಿಲ್ಲ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಸಿಪ್ಪೆಯನ್ನು ಕವರಿನಲ್ಲಿ ಕಟ್ಟಿ ಎಸೆಯಬೇಡ, ಮಡಕೆಗೆ ಅದಕ್ಕಿಂತ ಒಳ್ಳೆಯದಿಲ್ಲ.

ದೀಪಾವಳಿಗೆ ನಿನ್ನ ಮನೆಗೇ ಬರುತ್ತೇನೆ. ಕೆಸವಿನ ಗೆಡ್ಡೆ ನಾಲ್ಕು ಎತ್ತಿಟ್ಟಿದ್ದೇನೆ, ಅಮ್ಮನ ಪಾತಿಯ ಬೀಜವೇ. ದೊಡ್ಡ ಕುಂಡ ಒಂದು ತಂದಿಡು, ಅಕ್ಕಿ ತೊಳೆದ ನೀರನ್ನು ಅದಕ್ಕೇ ಹಾಕೋಣ. ಹಣತೆ ತರುವಾಗ ಒಂದು ಹೆಚ್ಚಿಗೆ ತಾ. ಯುಟಿಲಿಟಿಯಲ್ಲಿ ಗಾಳಿ ಜೋರು, ಗೊಬ್ಬರದ ಮಡಕೆಯ ಹಿಂದೆ ಮರೆಯಲ್ಲಿಟ್ಟರೆ ಆರಲಾರದು.

ನಿನ್ನ ಅಜ್ಜಿ