ಬಾರ್ ನೋಡಿ ಕೊಂಡೆ, ಲೀಟರ್ ನೋಡಬೇಕಿತ್ತು

ಕಾರು ತೊಳೆಯುವ ಪ್ರೆಶರ್ ವಾಷರ್ ಯಂತ್ರ ಮನೆಗೆ ಬಂದ ಮರುದಿನವೇ ಎದುರು ಮನೆ ಆಂಟಿಯ ರಂಗೋಲಿ ಹೋಯಿತು. 2024ರ ಜನವರಿ, ಶುಕ್ರವಾರ, ಬೆಳಿಗ್ಗೆ ಆರೂವರೆ. ಬೆಂಗಳೂರಿನ ಭಾಷ್ಯಂ ಸರ್ಕಲ್‌ನಿಂದ ಒಳಕ್ಕಿರುವ ನಮ್ಮ ಅಡ್ಡರಸ್ತೆ ಆಂಟಿಯ ಮನೆ ಕಡೆಗೆ ಕೊಂಚ ಇಳಿಜಾರು. ನಾನು ಗನ್ ಹಿಡಿದದ್ದು ಕಾರಿನ ಹಿಂದಿನ ಚಕ್ರಕ್ಕೆ. ಅಲ್ಲಿಂದ ಕಳಚಿದ ಕೆಸರು ಹರಿದುಹೋಗಿ ಹದಿನೈದು ಚುಕ್ಕಿಯ ರಂಗೋಲಿಯ ಮೇಲೆ ನಿಂತಿತು. ಆಂಟಿ ಹೊರಗೆ ಬಂದರು, ರಂಗೋಲಿ ನೋಡಿದರು, ನನ್ನನ್ನು ನೋಡಿದರು.

“ರಂಗೋಲಿ ಬಿಡಪ್ಪ, ಇನ್ನೊಂದು ಹಾಕ್ಕೋತೀನಿ. ಇದೇನು ಸದ್ದು? ರಸ್ತೆಲಿ ಗ್ರೈಂಡರ್ ಇಟ್ಕೊಂಡು ಹಿಟ್ಟು ರುಬ್ತಿದೀಯೇನೋ ಅಂದ್ಕೊಂಡೆ.”

ಗ್ರೈಂಡರ್ ಆಗಿದ್ದರೆ ಇಷ್ಟು ಸದ್ದು ಬರುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಗ್ರೈಂಡರಿನಲ್ಲಿರುವುದು ಇಂಡಕ್ಷನ್ ಮೋಟರ್: ಭಾರ, ದುಬಾರಿ, ಆದರೆ ಮೆತ್ತಗೆ ಗುಂಯ್‌ಗುಡುತ್ತ ವರ್ಷಗಟ್ಟಲೆ ತಿರುಗುತ್ತದೆ. ನಾನು ತಂದಿದ್ದು ಮಿಕ್ಸಿಯ ಜಾತಿ. ಹಗುರ, ಅಗ್ಗ, ಕಾರ್ಬನ್ ಬ್ರಷ್ ಸವೆಯುವ ಮೋಟರ್, ಬೀದಿ ಎಬ್ಬಿಸುವ ಕೂಗು. ತಿಂಗಳಿಗೆರಡು ಸಲ ಒಂದು ಕಾರು ತೊಳೆಯುವವನಿಗೆ ಮಿಕ್ಸಿ ಸಾಕು, ಅದರ ಬಗ್ಗೆ ನನಗೀಗ ಪಶ್ಚಾತ್ತಾಪವಿಲ್ಲ. ಆದರೆ ಅದನ್ನು ಬೆಳಿಗ್ಗೆ ಎಂಟಕ್ಕೆ ಮೊದಲು ಶುರು ಮಾಡುವುದಿಲ್ಲ.

ಯಂತ್ರದ ಯೋಚನೆ ಬಂದದ್ದು ಗೀರುಗಳಿಂದ. ನಮ್ಮ ಬೀದಿಯಲ್ಲಿ ಕಾರು ಒರೆಸುವ ಹುಡುಗನೊಬ್ಬ ಬರುತ್ತಾನೆ. ಒಂದು ಬಕೆಟ್, ಒಂದು ಬಟ್ಟೆ, ಆರು ಕಾರು. ಆರನೆಯದು ನನ್ನದು. ಕಡುನೀಲಿ ಬಣ್ಣದ ಬಾನೆಟ್ಟಿನ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದರೆ ಜೇಡರ ಬಲೆಯಂತೆ ಸುತ್ತು ಸುತ್ತು ಗೆರೆ ಕಾಣುತ್ತಿತ್ತು. ತಪ್ಪು ಅವನದಲ್ಲ. ನಾವು ಆರು ಮನೆಯವರು ಕೊಡುತ್ತಿದ್ದುದೇ ಒಂದು ಬಕೆಟ್ ನೀರು. ದೂಳಿನ ಮೇಲೆ ಬಟ್ಟೆ ಆಡಿಸಿದರೆ ಅದು ಉಪ್ಪುಕಾಗದ. ಮೊದಲು ಮಣ್ಣು ನೀರಿನಲ್ಲೇ ಇಳಿಯಬೇಕು, ಆಮೇಲಷ್ಟೇ ಬಟ್ಟೆ ತಾಗಬೇಕು. ಈ ಯಂತ್ರದಿಂದ ಆಗುವ ಉಪಕಾರ ಅಷ್ಟೇ. ಕಾರು ತೊಳೆಯುವುದು ಕೊನೆಗೂ ಕೈಯೇ.

ಆಗ ಇಷ್ಟು ತಿಳಿದಿರಲಿಲ್ಲ. ಎಸ್.ಪಿ. ರಸ್ತೆಯಲ್ಲಿ ಅಂಗಡಿಯವನು ಕೇಳಿದ್ದು “ಎಷ್ಟು ಬಾರ್ ಬೇಕು ಸಾರ್?” ಎಂದು. 110, 130, 150 ಎಂದು ಪೆಟ್ಟಿಗೆಗಳ ಮೇಲೆ ದೊಡ್ಡಕ್ಷರ. ಹೆಚ್ಚು ಬಾರ್ ಒಳ್ಳೆಯದೆಂದು 130ರದನ್ನು ಎತ್ತಿಕೊಂಡು ಬಂದೆ. ಮನೆಯಲ್ಲಿ ಯಂತ್ರದ ಬೆನ್ನಿನ ಚೀಟಿ ಓದಿದರೆ ಕೆಲಸದ ಒತ್ತಡ 9 ಎಂಪಿಎ, ಅಂದರೆ 90 ಬಾರ್. 130 ಎಂಬುದು ಯಂತ್ರ ತಡೆದುಕೊಳ್ಳುವ ಮೇಲಿನ ಮಿತಿ, ದಿನನಿತ್ಯದ್ದಲ್ಲ. ಹೋಲಿಕೆಗೆ ಹೇಳುವುದಾದರೆ, ಎರಡನೇ ಮಹಡಿಯ ಮೇಲಿನ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ ಬರುವ ಒತ್ತಡ ಸುಮಾರು ಒಂದು ಬಾರ್. ಕಾರಿನ ಟೈರಿನ ಗಾಳಿ ಎರಡು ಚಿಲ್ಲರೆ. ಹಾಗಿದ್ದ ಮೇಲೆ 90 ಏನು ಕಡಿಮೆಯೇ?

ಕಡಿಮೆಯಲ್ಲ ಎಂದು ಎರಡನೇ ಭಾನುವಾರ ಗೊತ್ತಾಯಿತು. ಹಿಂದಿನ ಬಂಪರಿಗೆ ಎರಡು ವರ್ಷದ ಕೆಳಗೆ ಗ್ಯಾರೇಜೊಂದರಲ್ಲಿ ಬಣ್ಣ ಹೊಡೆಸಿದ್ದೆ. ಅದರ ಮೂಲೆಯಲ್ಲಿ ಹಕ್ಕಿಯ ಹಿಕ್ಕೆ ಒಣಗಿ ಕೂತಿತ್ತು. ಗನ್ನನ್ನು ಒಂದು ಗೇಣು ದೂರಕ್ಕೆ ತಂದು, ಧಾರೆ ಸಣ್ಣಗೆ ಮಾಡಿ ಬಿಟ್ಟೆ. ಹಿಕ್ಕೆಯ ಜೊತೆಗೆ ಅಂಗೈಯಗಲದ ಬಣ್ಣವೂ ಹಪ್ಪಳದಂತೆ ಎದ್ದು ಬಂತು. ಕಂಪನಿಯಲ್ಲಿ ಬೇಯಿಸಿ ಕೂರಿಸಿದ ಬಣ್ಣ ತಡೆದೀತು, ಪ್ಲಾಸ್ಟಿಕ್ಕಿನ ಮೇಲೆ ಆಮೇಲೆ ಹೊಡೆದ ಬಣ್ಣಕ್ಕೆ ಅಂಚಿನಲ್ಲಿ ನೀರು ನುಗ್ಗಲು ಒಂದು ಕೂದಲೆಳೆ ಬಿರುಕು ಸಾಕು. ಅಂದಿನಿಂದ ಒಂದೂವರೆ ಅಡಿ ದೂರ, ಬೀಸಣಿಗೆಯಂತೆ ಹರಡುವ ಧಾರೆ. ತಿರುಗುತ್ತ ಕೊರೆಯುವ ಟರ್ಬೊ ನಳಿಗೆ ಅಂಗಳದ ಪಾಚಿಗೆ ಮಾತ್ರ. ಟೈರಿನ ಪಕ್ಕೆ, ಬಾಗಿಲ ರಬ್ಬರು, ರೇಡಿಯೇಟರಿನ ಎಳೆಗಳು, ಬಾನೆಟ್ಟಿನ ಒಳಗಿನ ವೈರು, ಇವುಗಳ ಹತ್ತಿರಕ್ಕೆ ಗನ್ ಒಯ್ಯುವುದಿಲ್ಲ. ‘ವಾಟರ್ ಸರ್ವಿಸ್’ ಅಂಗಡಿಗಳಲ್ಲಿ ಇಂಜಿನ್ನಿಗೂ ಹೊಡೆಯುತ್ತಾರಲ್ಲ ಎಂದು ಕೇಳುವವರಿದ್ದಾರೆ. ಹೊಡೆಯುತ್ತಾರೆ, ನಿಜ. ಆ ಮೇಲೆ ಗಾಡಿ ಕೆಮ್ಮಿದರೆ ನೀವು ಹೋಗುವುದು ಬೇರೆ ಅಂಗಡಿಗೆ.

ನಿಜವಾದ ಪಾಠ ಶುರುವಾದದ್ದು ಮಾರ್ಚಿನಲ್ಲಿ. ಆ ವರ್ಷ ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತದ್ದು ಎಲ್ಲರಿಗೂ ನೆನಪಿದೆ. ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯುವ ನೀರಿನಲ್ಲಿ ವಾಹನ ತೊಳೆಯುವಂತಿಲ್ಲ, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ, ಕಾರಂಜಿಗೆ ಬಳಸುವಂತಿಲ್ಲ. ದಂಡ 5,000 ರೂಪಾಯಿ. ಮತ್ತೆ ಸಿಕ್ಕಿಬಿದ್ದರೆ ದಿನಕ್ಕೆ 500 ಹೆಚ್ಚುವರಿ. ಪೇಪರ್ ಹಿಡಿದುಕೊಂಡೇ ಆಂಟಿ ಗೇಟಿನ ಹತ್ತಿರ ಬಂದರು. “ಮೆಷಿನ್‌ಗೆ ಎಷ್ಟು ಕೊಟ್ಟೆ? ಎಂಟು ಸಾವಿರವಾ? ಇನ್ನೈದು ಸೇರಿಸಿ ಇಟ್ಕೋ.”

ನಗು ಬಂದರೂ ನಾಚಿಕೆಯಾಯಿತು. ನಲ್ಲಿಯ ಈ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ, ಮೂರು ಕಡೆ ಪಂಪು ಹೊಡೆದು, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಏರಿ ಬರುವುದು. ಅದನ್ನು ಒಂದು ಬಂಪರಿನ ಹಿಕ್ಕೆ ಬಿಡಿಸಲು ಚೆಲ್ಲುತ್ತಿದ್ದೆ. ಬೋರ್‌ವೆಲ್ ನೀರಿಗೆ ಬದಲಾಯಿಸಿದೆ. ಅದರಲ್ಲಿ ಇನ್ನೊಂದು ರಗಳೆ. ಗಡಸು ನೀರು, ಒಣಗಿದ ಕಡೆಯೆಲ್ಲ ಬಿಳಿ ಚುಕ್ಕಿ. ಗಾಜಿನ ಮೇಲಂತೂ ಒರೆಸಿದಷ್ಟೂ ಮೂಡುತ್ತಿತ್ತು.

ಅದೇ ತಿಂಗಳು ಯಂತ್ರವೂ ಕೈಕೊಟ್ಟಿತು. ನಲ್ಲಿಗೆ ಸಿಕ್ಕಿಸಿ ಓಡಿಸುತ್ತಿದ್ದೆ. ಮೇಲೆ ಟ್ಯಾಂಕು ಬರಿದಾಗಿದೆ, ನನಗೆ ಗೊತ್ತಿಲ್ಲ. ಗನ್ನಿನಿಂದ ನೀರು ಕೆಮ್ಮಿ ಕೆಮ್ಮಿ ಬಂದಾಗ ಇನ್ನೂ ಗಟ್ಟಿಯಾಗಿ ಟ್ರಿಗರ್ ಒತ್ತಿದೆ. ಎರಡು ನಿಮಿಷಕ್ಕೆ ಒತ್ತಡವೇ ಇಲ್ಲ, ಅಡಿಯಿಂದ ನೀರು ತೊಟ್ಟಿಕ್ಕುತ್ತಿದೆ. ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯನ ಬಳಿ ಒಯ್ದೆ. ಬಿಚ್ಚಿ ತೋರಿಸಿದ. ಓರೆಯಾಗಿ ಕೂತ ತಟ್ಟೆಯೊಂದು ತಿರುಗುತ್ತ ಮೂರು ಪುಟ್ಟ ಪಿಸ್ಟನ್ನುಗಳನ್ನು ಒಂದಾದ ಮೇಲೊಂದು ತಳ್ಳುತ್ತದೆ. ಪಿಸ್ಟನ್ನಿನ ಸುತ್ತ ರಬ್ಬರ್ ಸೀಲ್. “ಇದಕ್ಕೆ ಬೇರೆ ಎಣ್ಣೆ ಎಲ್ಲಿಂದ ತರೋಣ ಗುರು? ಸೀಲಿಗೆ ನೀರೇ ಎಣ್ಣೆ. ನೀನು ಒಣಕಲು ಓಡ್ಸಿದೀಯ, ಸುಟ್ಟಿದೆ.” ಅವನೇ ಕೇಳಿದ: “ನಿಮಿಷಕ್ಕೆ ಎಷ್ಟು ಲೀಟರ್ ಎಳೆಯುತ್ತೆ ನೋಡಿದ್ಯಾ?” ನೋಡಿರಲಿಲ್ಲ. ಚೀಟಿಯಲ್ಲಿತ್ತು, ಗಂಟೆಗೆ 360 ಲೀಟರ್, ಅಂದರೆ ನಿಮಿಷಕ್ಕೆ ಆರು. ನಲ್ಲಿ ಅಷ್ಟು ಕೊಡದಿದ್ದರೆ ಯಂತ್ರ ಗಾಳಿ ಎಳೆಯುತ್ತದೆ.

ಸೀಲು ಬದಲಿಸಲು ಒಂದು ಸಾವಿರದ ಇನ್ನೂರು ರೂಪಾಯಿ. ಅದಕ್ಕಿಂತ ಬೆಲೆಬಾಳುವುದು ಆ ಪ್ರಶ್ನೆ. ನಲ್ಲಿಯನ್ನು ನಂಬುವುದು ಬಿಟ್ಟು, ಹಳೆಯ 200 ಲೀಟರ್ ನೀಲಿ ಡ್ರಮ್ಮನ್ನು ಚಾವಣಿಯ ಮಳೆನೀರಿನ ಕೊಳವೆಯ ಕೆಳಗೆ ತಂದಿಟ್ಟೆ. ನಮ್ಮ ಚಾವಣಿ ಸುಮಾರು 80 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 80 ಲೀಟರ್, ಮೂರು ಮಿಲಿಮೀಟರ್ ಬಿದ್ದರೆ ಡ್ರಮ್ ತುಂಬಿತು. ಮೊದಲ ನೀರನ್ನು ಮೋರಿಗೆ ಬಿಟ್ಟು, ಆಮೇಲಿನದಕ್ಕೆ ಬಾಯಿಗೆ ಹಳೆಯ ಪಂಚೆ ಕಟ್ಟಿ ಹಿಡಿಯುವುದು. ಆ ಜೂನ್ 2ರಂದು ಊರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಸುರಿಯಿತು. ಲೆಕ್ಕಕ್ಕೆ ನಮ್ಮ ಚಾವಣಿಯೊಂದರ ಮೇಲೇ ಎಂಟು ಸಾವಿರ ಲೀಟರಿಗೂ ಹೆಚ್ಚು. ನನ್ನ ಡ್ರಮ್ ಕೆಲವೇ ನಿಮಿಷಕ್ಕೆ ತುಂಬಿ ಉಕ್ಕಿತು. ಉಳಿದದ್ದು ಮೋರಿ ಸೇರುವುದನ್ನು ಕಿಟಕಿಯಿಂದ ನೋಡುತ್ತ ನಿಂತಿದ್ದೆ.

ಈ ಪುಟ್ಟ ಯಂತ್ರಗಳು ಡ್ರಮ್ಮಿನಿಂದಲೂ ನೀರು ಎಳೆದುಕೊಳ್ಳುತ್ತವೆ, ಪೈಪಿನ ತುದಿಗೆ ಜಾಲರಿ ಹಾಕಿ, ಪೈಪನ್ನು ಮೊದಲೇ ನೀರು ತುಂಬಿಸಿ ಗಾಳಿ ಓಡಿಸಿದರೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದು. ಎಲ್ಲ ಮಾದರಿಗಳಿಗೂ ಈ ಗುಣವಿರುವುದಿಲ್ಲ. ಡ್ರಮ್ಮಿನ ಹೊರಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದೆ. ಒಂದು ತೊಳೆತಕ್ಕೆ ಟ್ರಿಗರ್ ಒತ್ತಿದ್ದು ಎಂಟು ಒಂಬತ್ತು ನಿಮಿಷ, ಇಳಿದದ್ದು 50 ಲೀಟರ್. ಹಿಂದೆ ಪೈಪ್ ಹಿಡಿದು ಕಾಲು ಗಂಟೆ ನಿಂತಾಗ ಹೋಗುತ್ತಿದ್ದುದು ಅದರ ಐದರಷ್ಟು. ಆದರೆ ಒರೆಸುವ ಹುಡುಗನ ಬಕೆಟ್ಟಿಗೆ ಹೋಲಿಸಿದರೆ 50 ಲೀಟರ್ ಹೆಚ್ಚೇ. ಯಂತ್ರ ನೀರು ಉಳಿಸುತ್ತದೆ ಎಂಬ ಜಾಹೀರಾತು ಅರ್ಧ ನಿಜ, ಪೈಪಿನವರಿಗೆ ಮಾತ್ರ. ಮಳೆನೀರಿಗೆ ಗಡಸುತನವಿಲ್ಲದ್ದರಿಂದ ಬಿಳಿ ಚುಕ್ಕಿ ನಿಂತುಹೋದದ್ದು ಕೇಳದೆ ಬಂದ ಲಾಭ.

ಕರೆಂಟಿನ ಮಾತು ಚುಟುಕಾಗಿ ಹೇಳಿ ಮುಗಿಸುತ್ತೇನೆ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಟೀವಿಯ ಸಣ್ಣ ಎಕ್ಸ್‌ಟೆನ್ಷನ್ ಬಾಕ್ಸ್, 1,500 ವ್ಯಾಟ್ ಯಂತ್ರ, ಒದ್ದೆ ನೆಲ, ಬರಿಗಾಲು. ಪ್ಲಗ್ ಮುಟ್ಟಿದರೆ ಸುಡುತ್ತಿತ್ತು. ಈಗ ವರಾಂಡದಲ್ಲಿ ಗೀಸರಿಗೆ ಹಾಕುವಂಥ ದಪ್ಪ ಪಿನ್ನಿನ ಸಾಕೆಟ್, ಸರಿಯಾದ ಅರ್ಥಿಂಗ್, ಸೋರಿಕೆಯಾದರೆ ತಾನೇ ಬೀಳುವ ಆರ್‌ಸಿಸಿಬಿ, ಕಾಲಿಗೆ ರಬ್ಬರ್ ಚಪ್ಪಲಿ.

ಜಲಮಂಡಳಿ 2025ರ ಫೆಬ್ರವರಿಯಲ್ಲಿ ಅದೇ ನಿಷೇಧ ಮತ್ತೆ ತಂದಿತು. ಈ ಸಲ ಆಂಟಿ ಪೇಪರ್ ತರಲಿಲ್ಲ. ಡ್ರಮ್ಮಿನ ಹತ್ತಿರ ಬಂದು ಇಣುಕಿ, “ಎಷ್ಟಿದೆ?” ಎಂದರು. ಗೆರೆ ಎಷ್ಟೋ ಮೇಲೆ, ತಳದಲ್ಲಿ ಒಂದು ಗೇಣು ನೀರು. ಸ್ವಿಚ್ ಆರಿಸಿ, ಟ್ರಿಗರ್ ಒತ್ತಿ ಒಳಗಿನ ಒತ್ತಡ ಬಿಟ್ಟು, ಪೈಪ್ ಸುತ್ತಿ ಯಂತ್ರವನ್ನು ಸ್ಟೋರ್ ರೂಮಿಗೆ ಹಾಕಿದೆ. ಹುಡುಗನಿಗೆ ಎರಡು ಬಕೆಟ್ ಮತ್ತು ನಾಲ್ಕು ಮೈಕ್ರೋಫೈಬರ್ ಬಟ್ಟೆ ಕೊಟ್ಟು, ನಮ್ಮ ಕಾರನ್ನು ಮೊದಲನೆಯದಾಗಿ ಒರೆಸು ಅಂದೆ. ಮಳೆ ಬರುವವರೆಗೆ ಹಾಗೆ ಅಂತ ಅವನಿಗೂ ಗೊತ್ತು.